ಶನಿವಾರದ ಎರಡು ಬಾಳೆಹಣ್ಣು

ನನಗೆ ಮಂಗಗಳೆಂದರೆ ಭಯ. ಭಕ್ತಿ ಬೆರೆತ ಭಯ ಎಂದು ನಾಲ್ಕು ಜನರೆದುರು ಹೇಳಿಕೊಳ್ಳುತ್ತೇನಾದರೂ ಅದರಲ್ಲಿ ಭಕ್ತಿ ಚೂರೂ ಇಲ್ಲ, ಬರೀ ಬೆವರು. ಧಾರವಾಡದಲ್ಲಿ ಮೂರನೇ ಇಯತ್ತೆಯಲ್ಲಿದ್ದಾಗ ಒಂದು ಮಂಗ ನನ್ನ ಕೈಯಲ್ಲಿದ್ದ ಹೋಳಿಗೆ ಕಿತ್ತುಕೊಂಡು, ನನ್ನೆದುರೇ ಕೂತು ತಿಂದು, ಹೋಗುವಾಗ ಕೆನ್ನೆಗೊಂದು ಬಾರಿಸಿತ್ತು. ಹೋಳಿಗೆ ಮರೆತೆ. ಏಟು ಮಾತ್ರ ಅರುವತ್ತು ದಾಟಿದರೂ ನೆನಪಿದೆ.

ಇಂಥವನಿಗೆ ಹುಟ್ಟಿದ ಮಗಳು ಮಂಗಗಳ ಬಗ್ಗೆಯೇ ಸಂಶೋಧನೆ ಮಾಡುತ್ತಾಳೆ. ಹೆಸರು ವೈದೇಹಿ. ಆ ಹೆಸರಿಟ್ಟ ತಪ್ಪಿಗೆ ಕಪಿಗಳ ಸಹವಾಸ ಅನುಭವಿಸಲೇಬೇಕು ಎಂದು ಹೆಂಡತಿ ನನ್ನನ್ನು ಚುಡಾಯಿಸುತ್ತಾಳೆ.

ಕಳೆದ ವರ್ಷ ಘಾಟ್ಕೋಪರಿನ ನಮ್ಮ ಬಿಲ್ಡಿಂಗಿಗೆ ಹಿಂದಿನ ಗುಡ್ಡದಿಂದ ಎಡಗಿವಿ ಹರಿದ ಒಂಟಿ ಗಂಡು ಮಂಗವೊಂದು ಬಂತು. ಅಡುಗೆಮನೆಯ ಕಿಟಕಿಯ ಗ್ರಿಲ್ ಹಿಡಿದು ನನ್ನನ್ನೇ ನೋಡಿತು. ಒಳಗೆ ಬಂದುಬಿಟ್ಟರೆ ಎಂಬ ಗಾಬರಿಯಲ್ಲಿ ಎರಡು ಬಾಳೆಹಣ್ಣು ಕಿಟಕಿಯ ಹೊರಗಿನ ಕಟ್ಟೆಯ ಮೇಲಿಟ್ಟು ಗಾಜು ಸರಿಸಿಕೊಂಡೆ. ಅಂದು ಶನಿವಾರ. ಪಕ್ಕದ ಮನೆಯವರು ಕಂಡು, ಮಾರುತಿಗೆ ಎಂಥ ಸೇವೆ ಎಂದು ಕೈಮುಗಿದರು. ಆಮೇಲೆ ಬಿಡುವುದು ಹೇಗೆ? ಮಗಳು ಕೆಲಸಕ್ಕೆ ಹೊರಟ ಮೇಲೆ ಪ್ರತಿ ಶನಿವಾರವೂ ಇಟ್ಟೆ. ಭಯಕ್ಕೆ ಭಕ್ತಿಯ ಅಂಗಿ ತೊಡಿಸಿದರೆ ಊರೆಲ್ಲ ನಮಸ್ಕರಿಸುತ್ತದೆ.

ಮೊನ್ನೆ ಚೆಂಬೂರಿನ ಒಂದು ಶಾಲೆಯ ಸಭಾಂಗಣದಲ್ಲಿ ಈ ಭಾಗದ ಮಂಗ ಸಂಶೋಧಕರೂ ಅವುಗಳ ಹಿತ ಬಯಸುವವರೂ ಸೇರಿದ್ದರು. ಜನ ಕಡಿಮೆ ಎಂದು ಮಗಳು ನನ್ನನ್ನೂ ಎಳೆದುಕೊಂಡು ಹೋದಳು. ನಾಲ್ಕೂ ಗೋಡೆಗೆ ಮಂಗಗಳ ಚಿತ್ರ. ಎಲ್ಲಿ ಕೂತರೂ ಯಾವುದೋ ಒಂದು ನನ್ನನ್ನು ದಿಟ್ಟಿಸುತ್ತಿತ್ತು. ಬಾಗಿಲ ಬಳಿಯ ಕುರ್ಚಿ ಹಿಡಿದೆ.

ಪುಣೆಯಿಂದ ಬಂದಿದ್ದ ಹೆಂಗಸೊಬ್ಬರು ಪರದೆಯ ಮೇಲೆ ಒಂದು ಫೋಟೊ ತೋರಿಸಿದರು. ಹರಿದ ಎಡಗಿವಿ! ನಮ್ಮ ಕಿಟಕಿಯವನೇ. ಇವನನ್ನು ಬೋನಿಗೆ ಹಾಕಿ ಒಯ್ಯಲು ಘಾಟ್ಕೋಪರಿನ ಒಂದು ಹೌಸಿಂಗ್ ಸೊಸೈಟಿಯವರು ಅರಣ್ಯ ಇಲಾಖೆಗೆ ಅರ್ಜಿ ಕೊಟ್ಟಿದ್ದಾರೆ, ಅಲ್ಲಿನ ನಾಲ್ಕನೇ ಮಹಡಿಯ ಅಜ್ಜಿಯ ಕೈ ಪರಚಿದ್ದಾನೆ ಎಂದರು ಆಕೆ. ಯಾರೋ ತಿನ್ನಲು ಕೊಟ್ಟು ಕೊಟ್ಟು ಇವನಿಗೆ ಮನುಷ್ಯರ ಭಯವೇ ಹೋಗಿದೆ. ಭಯ ಹೋದ ಮಂಗನನ್ನು ಕಾಡಿಗೆ ಬಿಟ್ಟರೂ ಊರಿಗೇ ಬರುತ್ತಾನೆ, ಆದ್ದರಿಂದ ಕೊನೆತನಕ ಪಂಜರವೇ ಗತಿ. ಕೊಡುವವರು ಸಿಕ್ಕು, ಕೊಡುವುದು ನಿಂತರೆ, ಒಂದು ತಿಂಗಳ ಅವಕಾಶ ಕೇಳಬಹುದು. ಗುಡ್ಡಕ್ಕೆ ಮರಳಿದರೂ ಮರಳಬಹುದು.

"ಎಲ್ಲಾ ಬಿಲ್ಡಿಂಗ್ ಪೂಛಾ ಮಾಡೀವಿ. ಯಾರೂ ಕೊಟ್ಟೀವಂತ ಒಪ್ಪಾಕ ತಯಾರಿಲ್ಲ," ಎಂದಳು ವೈದೇಹಿ.

ಮಾರುತಿಯ ಸೇವೆಯೆಂದು ಪಕ್ಕದ ಮನೆಯವರೂ ನನ್ನ ಹೆಸರು ಹೇಳಿರಲಿಲ್ಲ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮಗಳ ಎದುರು, ಅವಳ ಬಳಗದ ಎದುರು ಮಾನ ಉಳಿಯುತ್ತಿತ್ತು. ಅವನೊಬ್ಬ ಪಂಜರಕ್ಕೆ ಹೋಗುತ್ತಿದ್ದ, ಅಷ್ಟೆ. ಕೈ ತಾನಾಗಿ ಎದ್ದಿತೆಂದರೆ ಸುಳ್ಳು. ಅದನ್ನು ಪ್ರಯತ್ನಪೂರ್ವಕವಾಗಿ ಎತ್ತಬೇಕಾಯಿತು.

"ಅಪ್ಪಾ, ನೀನ? ನಿನಗ ಮಂಗ್ಯಾ ಅಂದ್ರ ಡರ್ ಅಲ್ಲಾ?"

"ಅಂಜಿಕಿಗೇ ಕೊಟ್ಟೀನಿ, ತಂಗಿ. ಕೊಡಲಿಲ್ಲಂದ್ರ ಒಳಗ ಬರ್ತಾನಂತ."

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಮಗಳು ಬಂದು ಪಕ್ಕದ ಕುರ್ಚಿಯಲ್ಲಿ ಕೂತು ನನ್ನ ತಣ್ಣಗಿನ ಕೈ ಹಿಡಿದುಕೊಂಡಳು. ಪುಣೆಯವರು ಬಂದು ಪಾಠ ಹೇಳಿದರು: ಹಣ್ಣು ಕಾಣಿಸಬೇಡಿ, ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ, ಕೋಲಿನಿಂದ ನೆಲ ಕುಟ್ಟಿ, ಓಡಬೇಡಿ. ಕೊನೆಯದೊಂದು ಬಿಟ್ಟು ಉಳಿದದ್ದೆಲ್ಲ ಸುಲಭವೆನಿಸಿತು.

ಮುಂದಿನ ಶನಿವಾರ ಬೆಳಿಗ್ಗೆ ಅವನು ಬಂದ. ಖಾಲಿ ಕಟ್ಟೆ ತಡವಿದ. ಗ್ರಿಲ್ ಹಿಡಿದು ಜಗ್ಗಿದಾಗ ಗಾಜು ಗಡಗಡ ಅಲುಗಿತು. ಹಲ್ಲು ಕಿರಿದ. ಬಾಗಿಲು ಎಂಟು ಹೆಜ್ಜೆ ದೂರವಿತ್ತು, ಎಣಿಸಿಯೇ ನಿಂತಿದ್ದೆ. ಕಣ್ಣು ತಗ್ಗಿಸಿ, ಇದ್ದಬದ್ದ ಶಕ್ತಿಯನ್ನೆಲ್ಲ ಕೂಡಿಸಿ, ಕೋಲಿನಿಂದ ನೆಲ ಕುಟ್ಟಿದೆ.

ಅವನು ಬೆಚ್ಚಿ ಹಿಂದಕ್ಕೆ ನೆಗೆದ. ಒಮ್ಮೆ ನನ್ನ ಕಡೆ ತಿರುಗಿ, ಪೈಪು ಹಿಡಿದು ಇಳಿದು, ಗುಡ್ಡದ ದಿಕ್ಕಿಗೆ ಹೋದ. ನಾನು ಅಲ್ಲೇ ನೆಲದ ಮೇಲೆ ಕುಸಿದು ಕೂತೆ. ಈ ಆಯುಷ್ಯದಲ್ಲಿ ನನ್ನನ್ನು ಕಂಡು ಹೆದರಿದ ಮೊದಲ ಜೀವ ಅದು. ನನ್ನನ್ನು ನಗೆಪಾಟಲು ಮಾಡಿದ ಈ ಭಯ ಅವನನ್ನಾದರೂ ಬದುಕಿಸಲಿ.