ಹೆಗಲ ಮೇಲಿನ ವಲ್ಲಿ

ಮಾತಾಡಲು ಎದ್ದು ನಿಂತರೆ ನಮ್ಮ ಮಾಸ್ತರರ ಕೊರಳಿನ ನರ ಹಗ್ಗದಂತೆ ಉಬ್ಬಿಕೊಳ್ಳುತ್ತಿತ್ತು. ಆಳು ಕುಳ್ಳ, ಕೈಕಾಲು ಕಡ್ಡಿ. ದನಿ ಮಾತ್ರ ಮೈಕಿಲ್ಲದೆ ಓಣಿಯ ಆ ತುದಿ ಮುಟ್ಟುತ್ತಿತ್ತು. ದೇವದುರ್ಗ ತಾಲೂಕಿನ ನಮ್ಮೂರ ಕೇರಿಯಲ್ಲಿ ಓದಿ ನೌಕರಿ ಹಿಡಿದವರಲ್ಲಿ ಅವರೇ ಮೊದಲಿಗರು. ಎಪ್ಪತ್ತರ ದಶಕದ ಕೊನೆಗೆ ನಾನು ರಾಯಚೂರಿನ ಹಾಸ್ಟೆಲಿನಲ್ಲಿದ್ದಾಗ, ಭಾನುವಾರ ಬಸ್ಸಿಗೆ ಬಂದು ನಮಗೆ ನಾಲ್ಕಾರು ಹುಡುಗಿಯರಿಗೆ ಭಾಷಣ ಕಲಿಸುತ್ತಿದ್ದರು.

ಮೊದಲ ದಿನ ಮಾತೇ ಆಡಿಸಲಿಲ್ಲ, ಸುಮ್ಮನೆ ನಿಲ್ಲಿಸಿದರು. ನಾನು ಕೈಕಟ್ಟಿ ತಲೆ ತಗ್ಗಿಸಿ ನಿಂತೆ.

"ಯಾರ ಮುಂದ ನಿಂತೀ ಯವ್ವಾ? ಗೌಡ್ರು ಬಂದಾರೇನು ಇಲ್ಲಿ? ಕೈ ಬಿಡು. ಅಂಗಾಲು ಪೂರಾ ನೆಲಕ್ಕ ಊರು. ಉಸಿರು ಹೊಟ್ಟಿತನಕ ಇಳೀಲಿ."

ನಾವು ಏನೇ ಹೇಳಲಿ, ಕೊನೆಯ ಶಬ್ದ ಬಾಯಲ್ಲೇ ಸಾಯುತ್ತಿತ್ತು. ದೊಡ್ಡವರ ಮುಂದೆ "ಯಪ್ಪಾ" ಎಂದು ದನಿ ಇಳಿಸಿ ಮಾತು ಮುಗಿಸುವುದು ನಮ್ಮ ಕೇರಿಯ ರೂಢಿ. ಮಾಸ್ತರರು ಸಿಡುಕುತ್ತಿದ್ದರು: "ಮಾತಿನ ಜೀವ ಕೊನಿಗಿ ಇರ್ತದ. ಅಲ್ಲೇ ಅದರ ಕುತ್ತಿಗಿ ಹಿಚುಕ್ತೀರಲ್ಲ!"

ಒಂದು ಬೇಸಿಗೆಯಲ್ಲಿ, ನಾನು ರಜೆಗೆ ಊರಿಗೆ ಬಂದಿದ್ದಾಗ, ಊರ ಬಾವಿಯ ನೀರು ಕೇರಿಗೂ ಸಿಗಬೇಕೆಂದು ಮಾಸ್ತರರು ಚಾವಡಿಯ ಮುಂದೆ ಸಭೆ ಕರೆದರು. ಗೌಡರ ಕಡೆಯವರು ಬಸ್ ನಿಲ್ಲುವಲ್ಲೇ ಅಡ್ಡಗಟ್ಟಿ ಬೆದರಿಸಿದ್ದರು, ಇವರು ಕೇಳಲಿಲ್ಲ. ಮಾತಿನ ನಡುವೆ ಗೌಡರೇ ಆಳುಗಳೊಡನೆ ಬಂದು ನಿಂತರು. ಕೂತ ಜನ ಎದ್ದಿತು. ಗಂಡಸರು ಹೆಗಲ ಮೇಲಿನ ವಲ್ಲಿಬಟ್ಟೆ ತೆಗೆದು ಕಂಕುಳಿಗೆ ಸೇರಿಸಿದರು. ಗೌಡರೆದುರು ಅದು ಹೆಗಲ ಮೇಲೆ ಇರಕೂಡದು. ನನ್ನ ಕಣ್ಣೆದುರೇ ಮಾಸ್ತರರ ಕೈಯೂ ಹೆಗಲಿಗೆ ಹೋಯಿತು. ವಲ್ಲಿ ಕೆಳಗಿಳಿಯಿತು.

ಅವರು ಕೈಯಲ್ಲಿದ್ದ ವಲ್ಲಿಯನ್ನು ಒಂದು ಕ್ಷಣ ನೋಡಿದರು. ಆಮೇಲೆ ನಿಧಾನವಾಗಿ ಅದರಿಂದ ಮುಖದ ಬೆವರು ಒರೆಸಿಕೊಂಡು, ಮತ್ತೆ ಹೆಗಲಿಗೇ ಹಾಕಿ, ಅರ್ಧಕ್ಕೆ ನಿಂತ ಮಾತು ಮುಗಿಸಿದರು: "ನೀರು ನಮ್ದೂ ಅದ."

ಗೌಡರು ನಕ್ಕರು. ಆ ನಗು ನೆನೆದರೆ ಇಂದಿಗೂ ಮೈ ಉರಿಯುತ್ತದೆ. "ಛಲೋ ಮಾತಾಡ್ತೀ ಮಾಸ್ತರ. ಹೋಗೋ ಮುಂದ ದಾರಿ ನೋಡ್ಕೊಂಡು ಹೋಗು."

ಅಂದಿನಿಂದ ಮಾಸ್ತರರು ಒಬ್ಬರೇ ನಡೆಯುವುದನ್ನು ಬಿಟ್ಟರು. ಪಾಠದ ನಡುವೆ ಹೊರಗೆ ಜೀಪಿನ ಸದ್ದಾದರೆ ಸುಮ್ಮನಾಗುತ್ತಿದ್ದರು. "ಹೆದರಿಕಿ ಆಗ್ತದೇನ್ರಿ?" ಎಂದು ಕೇಳಿದೆ.

"ಆಗ್ತದವಾ. ಕಾಲಾಗ ಇರ್ಲಿ ಅದು. ದನಿಗೆ ಬರಬಾರದು."

ಆ ವರ್ಷ ಊರ ಹತ್ತಿರದ ಕಾಲುವೆಗೆ ನೀರು ಬಿಟ್ಟ ಹೊಸತರಲ್ಲಿ, ಮಾನ್ವಿಯ ಮಗಳ ಮನೆಗೆಂದು ಒಂದು ದಿನ ಒಬ್ಬರೇ ಹೊರಟ ಮಾಸ್ತರರು ಆ ಕಾಲುವೆಯಲ್ಲೇ ಹೆಣವಾಗಿ ಸಿಕ್ಕರು. ಕಾಲು ಜಾರಿ ಬಿದ್ದರು ಎಂದು ಊರೆಲ್ಲ ಒಂದೇ ಮಾತು ಹೇಳಿತು, ಯಾರೋ ಬಾಯಿಪಾಠ ಮಾಡಿಸಿದ ಹಾಗೆ.

ಶಾಲೆಯ ಅಂಗಳದಲ್ಲಿ ಶೋಕಸಭೆ ನಡೆಯಿತು. ಹಾರ ತಂದವರು ಗೌಡರೇ. ಮುಂದಿನ ಕುರ್ಚಿಯಲ್ಲಿ ಕೂತವರೂ ಅವರೇ. ನಾನು ಎದ್ದೆ. ಅವ್ವ ಕೈ ಹಿಡಿದು ಜಗ್ಗಿದಳು: "ಕೂಡು ಬೇ, ನಿನ್ನ ಕಾಲಿಗೆ ಬೀಳ್ತೀನಿ." ಬಿಡಿಸಿಕೊಂಡು ಮುಂದೆ ಹೋಗಿ ನಿಂತೆ. ಮೊಣಕಾಲು ಗಡಗಡ ನಡುಗುತ್ತಿದ್ದವು.

"ನಮ್ಮ ಮಾಸ್ತರು ಕಾಲು ಜಾರಿ ಬಿದ್ದಿಲ್ಲ," ಎಂದೆ.

ಗೌಡರು ಪಕ್ಕದವನತ್ತ ವಾಲಿ, "ಯಾರ ಮಗಳು ಈಕಿ?" ಎಂದು ಮೆಲ್ಲಗೆ ಕೇಳಿದರು.

ಅವನು ಬಾಯಿ ತೆರೆಯುವ ಮೊದಲೇ ನನ್ನ ಹೆಸರು, ಅಪ್ಪನ ಹೆಸರು, ನಮ್ಮ ಕೇರಿ ನಾನೇ ಹೇಳಿದೆ, ಹಿಂದಿನ ಸಾಲಿಗೂ ಕೇಳುವಂತೆ.