ವಿಜಯದಶಮಿಯಂದು ಓಡಿಸಿದ ಫ್ಲಾಪಿಗಳು

ಓದುವವರಿಗೆಲ್ಲ ನಮಸ್ಕಾರ. ಮನೆಮಾತು ಕನ್ನಡವಾದರೂ ನಾನು ಓದಿದ್ದು ತಮಿಳು ಶಾಲೆಯಲ್ಲಿ, ಅದೂ ಮೀಸೆ ಬಂದ ಮೇಲೆ. ಕನ್ನಡ ಅಕ್ಷರ ಕಲಿತದ್ದು ಇನ್ನೂ ತಡವಾಗಿ. ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದೇನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಮೊನ್ನೆ ಯಾರೋ ಅಪರಿಚಿತರು ‘ನಿಮಗೊಂದು ಉಡುಗೊರೆ’ ಎಂದು ಈಮೇಲಿನಲ್ಲಿ ಫೈಲು ಕಳಿಸಿದ್ದರು. ತೆರೆಯದೆ ಅಳಿಸಿದೆ. ಎಂಬತ್ತರ ದಶಕದ ಕೊನೆಯಲ್ಲಿ ಬಂದ ಅಂಥದ್ದೇ ಒಂದು ಉಡುಗೊರೆ ನನ್ನ ಅಕ್ಕನ ಕೆಲಸ ತಿಂದಿತ್ತು.

ಅಕ್ಕ ತಿರುಪ್ಪೂರಿನ ಒಂದು ಬನಿಯನ್ ಕಂಪನಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದಳು. ಪಲ್ಲಡಂನ ನಮ್ಮ ಬೀದಿಯಲ್ಲಿ ಮಗ್ಗ ಬಿಟ್ಟು ಕುರ್ಚಿಯಲ್ಲಿ ಕೂತು ದುಡಿದ ಮೊದಲ ಹೆಣ್ಣು ಅವಳೇ. ಕೊಯಮತ್ತೂರಿಗೆ ಬಸ್ಸಿನಲ್ಲಿ ಓಡಾಡಿ ಕಲಿತಿದ್ದಳು. ಕಂಪನಿಯ ಯಜಮಾನರು ನಮ್ಮವರೇ, ದೂರದ ಸಂಬಂಧದಲ್ಲಿ ಮಾವ.

ಆಯುಧಪೂಜೆಗೆ ಮುಂಚೆ ಅಂಚೆಯಲ್ಲಿ ಒಂದು ಫ್ಲಾಪಿ ಬಂತು. ಕಳಿಸಿದವರ ಹೆಸರಿಲ್ಲ. ಮೇಲೆ ‘ಹೊಸ ಬನಿಯನ್ ಡಿಸೈನುಗಳು, ಉಚಿತ’ ಎಂದು ಇಂಗ್ಲಿಷಿನಲ್ಲಿ ಚೀಟಿ. ಅಕ್ಕ ಅದನ್ನು ಬೇರೆಯಾಗಿ ಎತ್ತಿಟ್ಟಳು.

ಪೂಜೆಯ ದಿನ ಮಿಷನ್ನುಗಳ ಜೊತೆ ಫ್ಲಾಪಿಗಳ ಪೆಟ್ಟಿಗೆಗೂ, ಆ ಹೊಸ ಫ್ಲಾಪಿಗೂ ಚಂದನ, ಕುಂಕುಮ ಬಿತ್ತು. ಪೂಜೆಗಿಟ್ಟ ಪ್ರತಿಯೊಂದನ್ನೂ ಮರುದಿನ, ವಿಜಯದಶಮಿಯಂದು, ಒಮ್ಮೆಯಾದರೂ ಓಡಿಸಬೇಕು. ಒಂದನ್ನೂ ಬಿಡಬಾರದು. ಅದು ನಮ್ಮ ಪದ್ಧತಿ. ಆ ದಿನ ಹಂಚುವ ಪೊರಿ-ಕಡಲೆಯ, ಅಂದರೆ ಮಂಡಕ್ಕಿ-ಹುರಿಗಡಲೆಯ, ಆಸೆಗೆ ನಾನೂ ಹೋಗಿದ್ದೆ.

“ಅಮ್ಮಣೀ, ಹೊಸದನ್ನ ಮೊದ್ಲು ಆಕು. ಹೊಸದು ತಾನೇ ಮೊದ್ಲು ಓಡ್ಬೇಕು?” ಎಂದರು ಮಾವ.

“ಬೇಡ ಮಾವಾ. ಕಳ್ಸಿದ್ದು ಯಾರೋ ಏನೋ. ಎಂಜಿನಿಯರ್ ಬರ್ಲಿ, ಕೇಳಿ ಆಕಾಣ.”

“ಓಸೀಲಿ, ಪುಕ್ಕಟೆ ಬಂದದ್ಕೂ ಎಂಜಿನಿಯರ್ ಬೇಕಾ? ಇಂಗೆ ಭಯಪಟ್ರೆ ಬನಿಯನ್ ಮಾರಾಕಾಯ್ತದಾ? ಜರುಗು.”

ತಾವೇ ಫ್ಲಾಪಿ ತುರುಕಿ ಸ್ವಿಚ್ ಹಾಕಿದರು. ಡಿಸೈನೂ ಇಲ್ಲ, ಮಣ್ಣೂ ಇಲ್ಲ. “ಏಮಾತಿಬುಟ್ಟ ಕಳ್ಳ!” ಎಂದು ಮೋಸಹೋದದ್ದಕ್ಕೆ ನಕ್ಕು, ಮಿಷನ್ ಆರಿಸದೆಯೇ ಉಳಿದ ಫ್ಲಾಪಿಗಳನ್ನು ಒಂದೊಂದಾಗಿ ಹಾಕಿ ತೆಗೆದರು. ಮೂಲ ಹಾಳಾದರೆ ಇರಲೆಂದು ಅಕ್ಕ ನಕಲು ಮಾಡಿ ಬೀರುವಿನಲ್ಲಿಟ್ಟಿದ್ದವನ್ನೂ ಬಿಡಲಿಲ್ಲ. “ಪಾಪ, ಅದ್ಕೂ ಇವತ್ತು ಒಳ್ಳೇ ದಿನ ತಾನೇ?” ಎಂದರು.

ಸ್ವಲ್ಪ ದಿನಕ್ಕೆ ಆರ್ಡರಿನ ಫೈಲುಗಳು ತೆರೆಯದಾದವು. ನಕಲುಗಳೂ ಹಾಗೆಯೇ. ಎಂಜಿನಿಯರ್ ಬಂದು ನೋಡಿ, ಹೊಸ ಫ್ಲಾಪಿಯಲ್ಲಿ ವೈರಸ್ ಇತ್ತು, ಅದು ಆಮೇಲೆ ಹಾಕಿದ್ದಕ್ಕೆಲ್ಲ ಹತ್ತಿದೆ ಎಂದರು. ಹಾಕಿದವರು ಯಾರು ಎಂದೂ ಕೇಳಿದರು.

ಮಾವ ಅಕ್ಕನ ಕಡೆ ಕೈ ತೋರಿಸಿದರು. ಅಂದು ಪೊರಿ ತಿನ್ನುತ್ತಾ ನಿಂತು ನೋಡಿದ್ದ ಯಾರೂ ಬಾಯಿ ಬಿಡಲಿಲ್ಲವಂತೆ.

“ನಾನು ಬೇಡಾಂದೆ ಮಾವಾ.”

“ಬೇಡಾಂದವ್ಳು ನನ್ ಕೈ ಇಡ್ಕಾಬೇಕಾಗಿತ್ತು. ನಾಳೆಯಿಂದ ಬರ್ಬೇಡ.”

ಅಕ್ಕ ನಮ್ಮ ಬೀದಿಯಲ್ಲೇ ಮತ್ತೆ ನೂಲು ಸುತ್ತಲು ಕೂತಳು. “ಕುರ್ಚಿ ಸಾಕಾಯ್ತಾ ಮಾರಾಣಿ?” ಎಂದು ಅಮ್ಮನೇ ಕುಟುಕಿದಳು. ಮುಂದಿನ ವರ್ಷದ ಪೂಜೆಗೆ ಮಾವನ ಮನೆಯಿಂದ ಪೊರಿ ಪೊಟ್ಟಣ ಬಂತು. ಅಕ್ಕ ಅದನ್ನು ಕೋಳಿಗಳ ಮುಂದೆ ಸುರಿದಳು. ಆಮೇಲೆ ಅವಳು ಕಂಪ್ಯೂಟರ್ ಮುಟ್ಟಿದ್ದನ್ನು ನಾನು ಕಾಣೆ.

ಬೇಡ ಎಂದವರ ತಲೆಗೇ ತಪ್ಪು ಕಟ್ಟಿದ್ದು ನಿಮ್ಮ ಮನೆಯಲ್ಲೂ ನಡೆದಿದ್ದರೆ ಬರೆದು ತಿಳಿಸಿ. ಅಕ್ಕನಿಗೆ ಕನ್ನಡ ಓದಲು ಬರುವುದಿಲ್ಲ. ನಾನು ಓದಿ ಹೇಳುತ್ತೇನೆ.