ತೊಳೆದ ಜೋಳ

ಇದರಲ್ಲಿ ನಿಜವಾಗಿ ನಡೆದದ್ದೆಷ್ಟು, ನಾನು ಆಮೇಲೆ ಕೂಡಿಸಿಕೊಂಡದ್ದೆಷ್ಟು ಎಂಬುದು ನನಗೆ ಖಚಿತವಿಲ್ಲ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಹೋದ ತಿಂಗಳು ಹುಣಸೂರಿನಲ್ಲಿ ಗೆಳೆಯನ ಬೀಜ ಗೊಬ್ಬರದ ಅಂಗಡಿಯಲ್ಲಿ ಕೂತಿದ್ದೆ. ಹಿಂದಿನ ಕೋಣೆಯಲ್ಲಿ ಚೀಲವೊಂದನ್ನು ಇಲಿ ಕಡಿದು, ಬಿತ್ತನೆಯ ಮುಸುಕಿನ ಜೋಳ ನೆಲದ ಮೇಲೆಲ್ಲ ಚೆಲ್ಲಿತ್ತು. ಔಷಧಿ ಸವರಿದ ಗುಲಾಬಿ ಬಣ್ಣದ ಕಾಳು. ಕಾಲಿಗೆ ಸಿಕ್ಕ ಒಂದು ಹಿಡಿ ಎತ್ತಿ ಚೀಲಕ್ಕೆ ಹಾಕಿದೆ, ಅಷ್ಟೇ. ಬೆರಳಿಗೆ ಬಣ್ಣ ಹತ್ತಿತು. ಸೋಪು ಹಾಕಿ ತೊಳೆದರೂ ಹೆಬ್ಬೆರಳಿನ ಗೆರೆಗಳ ಸಂದಿಯಲ್ಲಿ ಉಳಿದುಕೊಂಡಿತು. ಮೂಸಿ ನೋಡಿದೆ. ಹೊಸ ಪೇಂಟಿನಂಥ, ಎಲ್ಲೋ ಸ್ವಲ್ಪ ಸಿಹಿಯೂ ಇರುವ ವಾಸನೆ... ನನಗೆ ದೊಡ್ಡವ್ವನ ಹಿತ್ತಲು ನೆನಪಾಯಿತು. ಅಂಗಡಿಯವನು ಚಹಾ ತರಿಸಿದ್ದ. ಆ ಕೈಯಲ್ಲಿ ಲೋಟ ಹಿಡಿಯಲು ಮನಸ್ಸಾಗದೆ ಎಡಗೈಯಲ್ಲಿ ಕುಡಿದೆ.

ಅವರು ನನ್ನ ಸ್ವಂತ ದೊಡ್ಡವ್ವ ಅಲ್ಲ. ಪಿರಿಯಾಪಟ್ಟಣ ತಾಲ್ಲೂಕಿನ ಹಾರನಹಳ್ಳಿ ಕಡೆಯ ಒಂದು ಊರಿನಲ್ಲಿ ನನ್ನ ಸೋದರಮಾವನ ಮನೆ. ಅವರು ಪಕ್ಕದ ಮನೆಯವರು. ಮಾವನ ಮಕ್ಕಳು ದೊಡ್ಡವ್ವ ಅನ್ನುತ್ತಿದ್ದರಿಂದ ನಾನೂ ಹಾಗೇ ಕರೆಯುತ್ತಿದ್ದೆ. ಹನ್ನೆರಡು ಹದಿಮೂರು ವರ್ಷದ ಹಿಂದಿನ ಮಾತು. ಆಗ ನಾನು ಮೈಸೂರಿನಲ್ಲಿ ಸಂಖ್ಯಾಶಾಸ್ತ್ರದ ಸಂಶೋಧನೆ ಮಾಡುತ್ತಿದ್ದೆ. ಪ್ರಬಂಧದ ಕೊನೆಯ ಅಧ್ಯಾಯ ಹಾಸ್ಟೆಲಿನಲ್ಲಿ ಮುಂದೆ ಸಾಗದೆ, ಒಂದು ಚಳಿಗಾಲ ಪೂರ್ತಿ ಮಾವನ ಮನೆಯಲ್ಲಿ ಉಳಿದೆ. ಅಲ್ಲೂ ಸಾಗಲಿಲ್ಲ. ಒಂದು ಕಡೆ ಅರ್ಧ ಗಂಟೆ ಕೂರುವ ಸ್ವಭಾವವೇ ನನ್ನದಲ್ಲ. ದಿನವೂ ಬೆಳಿಗ್ಗೆ ಹಿಂದಿನ ಕಟ್ಟೆಯ ಮೇಲೆ ಹೋಗಿ ಕೂರುತ್ತಿದ್ದುದು ದೊಡ್ಡವ್ವನ ಹಿತ್ತಲಿಗೆ ಬರುವ ಹಕ್ಕಿಗಳಿಂದಾಗಿ.

ಆ ಭಾಗದಲ್ಲಿ ಹೆಚ್ಚಿನವರು ಹೊಗೆಸೊಪ್ಪು ಬೆಳೆಯುವವರು. ದೊಡ್ಡವ್ವನ ಹಿತ್ತಲಲ್ಲೂ ಎಲೆ ಬೇಯಿಸುವ ಬ್ಯಾರನ್ ಇತ್ತು. ಕಿಟಕಿಯಿಲ್ಲದ, ಎತ್ತರದ ಇಟ್ಟಿಗೆ ಕಟ್ಟಡ. ಚಳಿ ಶುರುವಾಗುವ ಹೊತ್ತಿಗೆ ಬೇಯಿಸುವ ಕೆಲಸ ಮುಗಿದು ಬ್ಯಾರನ್ ತಣ್ಣಗಿರುತ್ತದೆ. ಎಲೆ ಕಟ್ಟುವ ಉದ್ದನೆಯ ಕಡ್ಡಿಗಳು ಗೋಡೆಗೆ ಒರಗಿ ಸುಮ್ಮನೆ ಬಿದ್ದಿರುತ್ತವೆ. ದೊಡ್ಡವ್ವ ರಾಗಿ ಕೊಯ್ಲಿನಲ್ಲಿ ಒಂದು ಹೊರೆ ತೆನೆಯನ್ನು ಬಡಿಯದೆ ಎತ್ತಿಡುತ್ತಿದ್ದರು. ಎರಡು ಕಂಬದ ನಡುವೆ ಆ ಕಡ್ಡಿಗಳನ್ನು ಅಡ್ಡ ಹಾಕಿ, ಹೊಗೆಸೊಪ್ಪು ಕಟ್ಟುವ ಗಂಟಿನಲ್ಲೇ ತೆನೆ ಕಟ್ಟುತ್ತಿದ್ದರು. ಮೂರು ಈ ಕಡೆ, ಮೂರು ಆ ಕಡೆ, ದಾರ ಒಂದು ಸುತ್ತು. ಕೈ ನೋಡದೆ, ಮಾತಾಡುತ್ತಲೇ ಒಂದು ಕಡ್ಡಿ ತುಂಬಿಸುತ್ತಿದ್ದರು. ಮಂಜು ಬಿಡುವ ಹೊತ್ತಿಗೆ ಹಕ್ಕಿಗಳು ಬರುತ್ತಿದ್ದವು. ಮೊದಲು ಗುಬ್ಬಿ, ಆಮೇಲೆ ತೆನೆಗೆ ತಲೆಕೆಳಗಾಗಿ ಜೋತುಬೀಳುವ ಪುಟ್ಟ ರಾಟವಾಳ, ಕೆಳಗೆ ಉದುರಿದ್ದಕ್ಕೆ ಬೆಳವಕ್ಕಿ. ಗೊರವಂಕಗಳು ಜಗಳವಾಡಿಕೊಂಡೇ ಬರುತ್ತಿದ್ದವು. ನಾನು ಒಂದು ನೋಟ್ ಬುಕ್ಕಿನಲ್ಲಿ ದಿನವೂ ಎಷ್ಟೆಷ್ಟು ಬಂದವು ಎಂದು ಬರೆದಿಡುತ್ತಿದ್ದೆ. ಪ್ರಬಂಧ ಬರೆಯದೆ ಇರುವುದಕ್ಕೆ ಅದೊಂದು ನೆಪ.

ಗೊರವಂಕಗಳಲ್ಲಿ ಒಂದಕ್ಕೆ ಬಲಗಾಲಿನ ಬೆರಳುಗಳಿರಲಿಲ್ಲ. ಮೊಂಡುಕಾಲನ್ನು ಊರಿ ಕುಪ್ಪಳಿಸುತ್ತಿತ್ತು. ಹಿಂದೊಂದು ವರ್ಷ ಎಲೆ ಕಟ್ಟುವ ದಾರದ ತುಂಡು ಕಾಲಿಗೆ ಸುತ್ತಿಕೊಂಡು, ಬಿಗಿದು, ಬೆರಳು ಒಣಗಿ ಬಿದ್ದವಂತೆ. ದಾರ ಬಿಡಿಸೋಣವೆಂದು ದೊಡ್ಡವ್ವ ಒಂದು ವಾರ ಮಂಕರಿ ಕವುಚಿ ಹಿಡಿಯಲು ನೋಡಿದ್ದರಂತೆ, ಸಿಕ್ಕಿರಲಿಲ್ಲ.

“ನಮ್ ದಾರ ಕಣ್ಲಾ ಅದ್ರ ಕಾಲು ತಿಂದಿದ್ದು,” ಅಂದಿದ್ದರು. “ಬತ್ತದೆ, ಹಾಕ್ತೀನಿ. ಬದುಕಿರೋಗಂಟ ಹಾಕ್ಬೇಕು.”

ಪ್ರತಿ ವರ್ಷ ಬರುವುದು ಅದೇ ಹಕ್ಕಿ ಎನ್ನುವುದು ಅವರ ನಂಬಿಕೆ. ನಾನು ಒಪ್ಪಲಿಲ್ಲ.

“ಅದೇ ಅಂತ ಹೆಂಗೆ ಹೇಳ್ತೀರಿ ದೊಡ್ಡವ್ವ? ಊರ ತುಂಬ ಹೊಗೆಸೊಪ್ಪಿನ ದಾರ. ಕಾಲು ಹೋಗಿರೋ ಗೊರವಂಕ ಇನ್ನೆಷ್ಟಿರ್ತವೋ.”

“ನಿಮ್ಮಾವನ್ನ ನೀ ಎಂಗ್ಲಾ ಗುರ್ತಿಡಿತೀಯ? ದಿನಾ ಬೆಳಗ್ಗೆ ಆಧಾರ್ ಕಾರ್ಡ್ ಕೇಳ್ತೀಯಾ?”

ಕಟ್ಟೆಯ ಮೇಲೆ ಹಲ್ಲುಜ್ಜುತ್ತಿದ್ದ ಮಾವ ನೊರೆಯನ್ನು ಉಗಿದು, “ಕೇಳಿದ್ರೂ ಕೇಳ್ತಾನೆ ಬುಡಕ್ಕ, ಓದ್ದೋನು,” ಅಂದರು.

ಈ ಮಾತುಗಳು ಹೀಗೇ ಇದ್ದವು ಎನ್ನುವುದು ಹೆಚ್ಚು ಕಡಿಮೆ ಖಾತ್ರಿ. ಇಲ್ಲಿಂದ ಮುಂದಿನದಕ್ಕೆ ಆ ಖಾತ್ರಿ ಇಲ್ಲ.

ಆ ವರ್ಷ ಸಂಕ್ರಾಂತಿ ಕಳೆದ ಸ್ವಲ್ಪ ದಿನಕ್ಕೇ ಎತ್ತಿಟ್ಟ ತೆನೆ ಮುಗಿಯಿತು. ಚಳಿ ಇನ್ನೂ ಹೋಗಿರಲಿಲ್ಲ. ಹಕ್ಕಿಗಳು ಬಂದು ಬರಿಯ ಕಡ್ಡಿಯ ಮೇಲೆ ಕೂತು ಎದ್ದು ಹೋಗುತ್ತಿದ್ದವು. ಮಾವನ ಅಟ್ಟದ ಮೇಲೆ ಬಿತ್ತಿ ಮಿಕ್ಕಿದ ಮುಸುಕಿನ ಜೋಳದ ಅರ್ಧ ಚೀಲ ಇತ್ತು. ಹಳೆಯದಾಗಿತ್ತು, ಇನ್ನು ಬಿತ್ತಲು ಬರುವಂತಿರಲಿಲ್ಲ. ದೊಡ್ಡವ್ವ ಕೇಳಿದರು, ಮಾವ ಕೊಡು ಅಂದರು, ನಾನು ಏಣಿ ಹತ್ತಿ ಇಳಿಸಿಕೊಟ್ಟೆ. ಇಷ್ಟನ್ನು ಮಾವನೂ ಒಪ್ಪುತ್ತಾರೆ. ಚೀಲದ ಮೇಲೆ ವಿಷದ ಗುರುತು ಇತ್ತೇ? ಇದ್ದಿರಲೇಬೇಕು. ನಾನು ನೋಡಿದ ನೆನಪಿಲ್ಲ.

ದೊಡ್ಡವ್ವನಿಗೆ ವಿಷದ ತಿಳಿವಳಿಕೆ ಇರಲಿಲ್ಲವೆಂದಲ್ಲ, ಬೇಕಾದಷ್ಟಿತ್ತು. ಹಸಿ ಹೊಗೆಸೊಪ್ಪು ಕಿತ್ತರೆ ಕೈಗೆ ಕಪ್ಪು ಅಂಟು ಹತ್ತುತ್ತದೆ. ಹಾಗೇ ಉಂಡರೆ ಅನ್ನ ವಿಪರೀತ ಕಹಿ, ತಲೆ ತಿರುಗುತ್ತದೆ, ವಾಂತಿಯಾಗುತ್ತದೆ. ಅದಕ್ಕೇ ಅಲ್ಲಿನ ಹೆಂಗಸರು ಊಟಕ್ಕೆ ಮುಂಚೆ ಟೊಮೇಟೊ ಹಣ್ಣು ಹಿಸುಕಿ ಕೈ ಉಜ್ಜುತ್ತಾರೆ. ಕಪ್ಪು ಬಿಟ್ಟ ಮೇಲೆ ಬೆರಳನ್ನು ನಾಲಿಗೆಗೆ ಮುಟ್ಟಿಸಿ ನೋಡುತ್ತಾರೆ. ಕಹಿ ಇಲ್ಲ ಅಂದರೆ ವಿಷ ಇಲ್ಲ, ಉಣ್ಣಬಹುದು. ದೊಡ್ಡವ್ವ ಮೂವತ್ತು ವರ್ಷ ಹಾಗೇ ಉಂಡು ಗಟ್ಟಿಯಾಗಿದ್ದವರು. ಜೋಳಕ್ಕೂ ಅದೇ ಲೆಕ್ಕ ಹಿಡಿದರು. ಬಣ್ಣ ಬಿಡಲೆಂದು ಮೂರು ನೀರಿನಲ್ಲಿ ತೊಳೆದರು. ರಾತ್ರಿ ನೆನೆಯಲು ಬಿಟ್ಟು, ಬೆಳಿಗ್ಗೆ ಹಕ್ಕಿ ತಿನ್ನುವ ಹಾಗೆ ಒರಳಿನಲ್ಲಿ ನುಚ್ಚು ಮಾಡಿದರು.

ಮುಂದಿನದು ನನ್ನ ತಲೆಯಲ್ಲಿ ಹೀಗಿದೆ. ನಾನು ಕಟ್ಟೆಯ ಮೇಲೆ ನೋಟ್ ಬುಕ್ ಇಟ್ಟುಕೊಂಡು ಕೂತಿದ್ದೇನೆ. ದೊಡ್ಡವ್ವ ಮೊರದಲ್ಲಿ ಒದ್ದೆ ನುಚ್ಚು ತಂದು ನನ್ನ ಮುಂದೆ ಹಿಡಿಯುತ್ತಾರೆ.

“ನಾಲ್ಗೆಗಿಟ್ಟು ನೋಡ್ದೆ ಮಗ, ಕಹಿ ಇಲ್ಲ. ವಸಿ ಕೆಂಪು ಮಾತ್ರ ಉಳ್ಕೊಂಡದೆ. ನೋಡು, ಹಾಕ್ಲಾ?”

ನಾನು ಹೇಳುತ್ತೇನೆ: “ಅದು ಬರೀ ಬಣ್ಣ ದೊಡ್ಡವ್ವ. ಹಾಕಿ.”

ಇಷ್ಟೇ. ಹೇಳುವಾಗ ನಾನು ತಲೆ ಎತ್ತಿದೆನೋ ಇಲ್ಲವೋ... ಕೆಲವು ಸಲ ಎತ್ತಿರುತ್ತೇನೆ, ಕೆಲವು ಸಲ ಇಲ್ಲ. ಕಾಳನ್ನು ಕೈಯಲ್ಲಿ ಹಿಡಿದು ನೋಡಿದೆನೇ? ಅದೂ ಒಂದೊಂದು ಸಲ ಒಂದೊಂದು ಥರ.

ಅವರು ಹಾಕಿದರು. ಹಕ್ಕಿಗಳು ಬಂದವು, ತಿಂದವು. ಮಧ್ಯಾಹ್ನದ ಹೊತ್ತಿಗೆ ಒಂದು ಬೆಳವಕ್ಕಿ ಕಂಬದ ಬುಡದಲ್ಲಿ ರೆಕ್ಕೆ ಬಿಟ್ಟುಕೊಂಡು ಕೂತಿತ್ತು, ಹತ್ತಿರ ಹೋದರೂ ಹಾರಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಹಿತ್ತಲ ತುಂಬ ಬಿದ್ದಿದ್ದವು. ಗುಬ್ಬಿ, ಬೆಳವಕ್ಕಿ, ಗೊರವಂಕ. ಮೊಂಡುಕಾಲಿನದು ಬ್ಯಾರನ್ನಿನ ಬಾಗಿಲ ಹತ್ತಿರ ಮಗ್ಗುಲಾಗಿ ಬಿದ್ದಿತ್ತು. ದೊಡ್ಡವ್ವ ಅಳಲಿಲ್ಲ. ಒಂದೊಂದನ್ನೇ ಎತ್ತಿ ಮೊರಕ್ಕೆ ಹಾಕಿಕೊಂಡರು. ಬ್ಯಾರನ್ನಿನ ಹಿಂದೆ ಗುಂಡಿ ತೆಗೆದು ಮೊರವನ್ನೂ ಸೇರಿಸಿ ಮುಚ್ಚಿದರು. ಆಮೇಲೆ ಕಂಬದಿಂದ ಕಡ್ಡಿಗಳನ್ನು ಇಳಿಸಿದರು. ನಾನು ಕಟ್ಟೆಯ ಮೇಲೆಯೇ ಇದ್ದೆ. ಇಳಿದು ಹೋಗಲಿಲ್ಲ. ಇದು ನೆನಪಿದೆ, ಇದರಲ್ಲಿ ಎರಡನೆಯ ಥರ ಇಲ್ಲ.

ಮಾವ ಬೇಲಿಯ ಹತ್ತಿರ ಬಂದು ನಿಂತರು. “ಬಿತ್ನೆ ಜೋಳ ಹಕ್ಕಿಗೆ ಆಕ್ತಾರೇನಕ್ಕ? ನಾನು ಇಲಿಗೆ ಇಡಕ್ಕಿರ್ಬೇಕು ಅನ್ಕೊಂಡೆ. ಮನೇಲಿ ಓದ್ದೋನು ಇದ್ನಲ್ಲ, ಅವ್ನನ್ನಾದ್ರೂ ಒಂದ್ ಮಾತು ಕೇಳ್ಬಾರ್ದಾಗಿತ್ತಾ?”

ದೊಡ್ಡವ್ವ ಕೈಯ ಮಣ್ಣು ಒರೆಸಿಕೊಳ್ಳುತ್ತ, “ನಾ ಯಾರ್ನೂ ಕೇಳ್ನಿಲ್ಲ ಕಣಪ್ಪ. ನನ್ ಬುದ್ಧಿ,” ಅಂದರು.

ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಗೊತ್ತಾಗುತ್ತಿತ್ತೋ ಏನೋ.

ಇಷ್ಟು ವರ್ಷ ನಾನು ಆ ಒಂದು ಮಾತಿಗೆ ಆತುಕೊಂಡು ಇದ್ದೆ. ಅವರು ಯಾರನ್ನೂ ಕೇಳಲಿಲ್ಲವೆಂದರೆ ನಾನು ಹೇಳಿದ್ದೂ ಇಲ್ಲ. ಅವರು ನನ್ನ ಮುಂದೆ ಮೊರ ಹಿಡಿದದ್ದೇ ಸುಳ್ಳು, ನಾನು ಆಮೇಲೆ ಕಟ್ಟಿಕೊಂಡದ್ದು. ತಪ್ಪಿತಸ್ಥ ಅನ್ನಿಸಿದವನು ತಪ್ಪಿನ ಜಾಗದಲ್ಲಿ ತನ್ನನ್ನು ತಂದು ನಿಲ್ಲಿಸಿಕೊಳ್ಳುವುದು ಉಂಟು. ಮಾವನ ಮಗನನ್ನು ಒಮ್ಮೆ ಕೇಳಿದೆ. “ಆವತ್ತು ನೀ ಊರಲ್ಲೇ ಇರ್ನಿಲ್ಲ ಕಣ್ಲಾ. ಪ್ರಿಂಟ್ ತಗ್ಸಕ್ಕೆ ಪಿರಿಯಾಪಟ್ಟಣಕ್ಕೆ ಓಗಿದ್ದೆ,” ಅಂದ. ಅದನ್ನು ಕೇಳಿದ ಮೇಲೆ ಪಿರಿಯಾಪಟ್ಟಣದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದ ನೆನಪೂ ಬಂತು. ಯಾವ ದಿನದ ಬಸ್ಸೋ ಗೊತ್ತಿಲ್ಲ. ಬಂದದ್ದನ್ನು ಇಟ್ಟುಕೊಂಡೆ.

ಮುಂದಿನ ಚಳಿಗಾಲದಲ್ಲಿ ಎರಡು ದಿನಕ್ಕೆ ಹೋಗಿದ್ದೆ. ದೊಡ್ಡವ್ವನ ಹಿತ್ತಲಲ್ಲಿ ಎರಡು ಕಂಬ ಇದ್ದವು, ನಡುವೆ ಏನೂ ಇರಲಿಲ್ಲ. ಅವರು ಅಂಗಳದಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ನಾನೂ ಕೂತು ಸುಲಿದೆ. ಕೇಳಬೇಕೆಂದೇ ಕೂತದ್ದು.

“ಓದು ಮುಗೀತಾ ಮಗ?”

“ಮುಗೀತು ದೊಡ್ಡವ್ವ. ಡಾಕ್ಟರೇಟ್ ಬಂತು.”

“ಬುಡು, ಒಳ್ಳೇದಾಯ್ತು.” ಸುಲಿದ ಕಾಳನ್ನು ನನ್ನ ಕಡೆಯಿಂದಲೂ ಬಾಚಿ ತಟ್ಟೆಗೆ ಹಾಕಿಕೊಂಡರು. “ಈ ಸಲ ರಾಗಿ ಪೂರ್ತಿ ಬಡಿಸ್ಬುಟ್ಟೆ. ಎತ್ತಿಡಾ ಕೆಲ್ಸ ಇಲ್ಲ ಈಗ.”

ಅಷ್ಟರಲ್ಲಿ ಯಾರೋ ಬಂದರು. ಅಥವಾ ಯಾರೂ ಬರಲಿಲ್ಲ, ನಾನೇ ಎದ್ದು ಬಂದೆ.

ದೊಡ್ಡವ್ವ ಹೋಗಿ ಎರಡು ವರ್ಷವಾಯಿತು. ಮಣ್ಣಿಗೆ ಹೋಗಲಾಗಲಿಲ್ಲ, ತಿಥಿಗೆ ಹೋಗಿದ್ದೆ. ಬ್ಯಾರನ್ನಿನ ಪಕ್ಕದ ಗೋಡೆಯ ಮೇಲೆ ಎಡೆ ಇಟ್ಟರು. ಕಾಗೆ ಬೇಗನೆ ಬಂತು. ಅದರಲ್ಲಿ ಅರ್ಥ ಕಂಡವರು ಅಲ್ಲಿದ್ದರು, ಕಂಡು ಕಣ್ಣೊರೆಸಿಕೊಂಡರು. ನನಗೆ ಏನೂ ಅನ್ನಿಸಲಿಲ್ಲ. ಕಂಬಗಳಲ್ಲಿ ಒಂದನ್ನು ಕಿತ್ತು ಶಾಮಿಯಾನಕ್ಕೆ ನೆಟ್ಟಿದ್ದರು. ಕೇಳಬಹುದಾಗಿದ್ದ ಒಬ್ಬರು ಇನ್ನಿಲ್ಲ ಎಂದು ಮಾತ್ರ ಯೋಚಿಸಿದೆ, ಬಸ್ಸು ಹೋಯಿತು ಎಂದು ಯೋಚಿಸುವ ಹಾಗೆ. ಊಟ ಮಾಡಿ ಹೊರಟೆ.

ಹುಣಸೂರಿನಿಂದ ಬಂದ ಮೇಲೆ ಹೆಬ್ಬೆರಳಿನ ಬಣ್ಣ ಎರಡು ದಿನ ಹೋಗಲಿಲ್ಲ. ಮೂರನೆಯ ದಿನ ಮಾವನ ಮನೆಗೆ ಹೋಗಿ, ಅಟ್ಟದ ಮೇಲಿದ್ದ ನನ್ನ ಹಳೆಯ ಪುಸ್ತಕಗಳ ಪೆಟ್ಟಿಗೆಯನ್ನು ಇಳಿಸಿದೆ. ಹಕ್ಕಿ ಎಣಿಸುತ್ತಿದ್ದ ನೋಟ್ ಬುಕ್ ತಳದಲ್ಲಿತ್ತು. ಕೊನೆಯದಾಗಿ ಬರೆದ ಪುಟ ತೆಗೆದೆ. ನುಚ್ಚು ಹಾಕಿದ ದಿನದ್ದು, ಆಮೇಲಿನ ಪುಟಗಳೆಲ್ಲ ಖಾಲಿ. ನನ್ನದೇ ಅಕ್ಷರ: ಗುಬ್ಬಿ ಹದಿನಾಲ್ಕು, ಬೆಳವಕ್ಕಿ ಐದು, ಗೊರವಂಕ ಏಳು, ಮೊಂಡುಕಾಲಿನದು ಸೇರಿ. ಆ ಬೆಳಿಗ್ಗೆ ನಾನು ಪಿರಿಯಾಪಟ್ಟಣದಲ್ಲಿರಲಿಲ್ಲ.

ಪುಟದ ನಡುವೆ, ಆ ಅಂಕಿಗಳಿರುವ ಕಡೆಯೇ, ಮಾಸಿದ ಗುಲಾಬಿ ಬಣ್ಣದ ಒಂದು ಹೆಬ್ಬೆಟ್ಟಿನ ಗುರುತಿದೆ. ಒದ್ದೆಯಿದ್ದಾಗ ಹತ್ತಿದ ಬಣ್ಣ, ಅಂಚು ಕಾಗದಕ್ಕೆ ಹರಡಿದೆ. ಮಾರನೆಯ ದಿನ ಹತ್ತಿರಬಹುದು ಎಂದುಕೊಂಡೆ. ಆದರೆ ಮಾರನೆಯ ದಿನ ನಾನು ಕಟ್ಟೆಯಿಂದ ಇಳಿಯಲಿಲ್ಲ, ಏನನ್ನೂ ಮುಟ್ಟಲಿಲ್ಲ. ಆದರೂ ನನ್ನ ನೆನಪನ್ನು ನಂಬುವುದು ಬೇಡವೆಂದು ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದು, ಭೂತಗನ್ನಡಿಯಲ್ಲಿ ಎರಡು ಸಲ ನೋಡಿದೆ. ಪೆನ್ನಿನ ಗೆರೆ ಬಣ್ಣದ ಮೇಲೆ ಹಾದುಹೋಗಿದೆ. ನುಚ್ಚು ಮುಟ್ಟಿದ ಕೈಯ ಬಣ್ಣ ಕೆಳಗಿದೆ, ಗೊರವಂಕ ಏಳು ಎಂದು ಬರೆದದ್ದು ಅದರ ಮೇಲೆ.